ಅವ್ವನ ಹಾಲಿನ ಲೆಕ್ಕ ತಪ್ಪುತ್ತಿದೆ. ನಾಳೆ ನನಗೂ ಹೀಗೇನಾ?

ಪ್ರಶ್ನೆ: ಡಾಕ್ಟ್ರೇ, ನಮ್ಮೂರು ಮದ್ದೂರು ತಾಲ್ಲೂಕು. ನಾನು ಮದುವೆಯಾಗಿ ಮಂಡ್ಯದಲ್ಲಿದ್ದೇನೆ. ವಯಸ್ಸು 50, ನಾಲ್ಕು ವರ್ಷದಿಂದ ಶುಗರ್ ಮಾತ್ರೆ ತಗೊಳ್ತಿದ್ದೇನೆ. ಅವ್ವನಿಗೆ 73. ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಆದರೆ ಹಸು ಕಟ್ಟಿಕೊಂಡು ಮೂವತ್ತು ವರ್ಷ ಡೇರಿಗೆ ಹಾಲು ಹಾಕಿದಳು. ಎಷ್ಟು ಲೀಟರಿಗೆ ಎಷ್ಟು ದುಡ್ಡು ಬರಬೇಕು ಅಂತ ಬಾಯಲ್ಲೇ ಲೆಕ್ಕ ಹೇಳುತ್ತಿದ್ದಳು. ಎರಡು ವರ್ಷದ ಹಿಂದೆ ಅಪ್ಪ ಹೋದರು. ಆಮೇಲೆ ಮಂಕಾದಳು. ಈಗ ಒಂದು ವರ್ಷದಿಂದ ಆ ಲೆಕ್ಕ ತಪ್ಪುತ್ತಾಳೆ, ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾಳೆ, ಹೇಳಿದ್ದನ್ನೇ ಹೇಳುತ್ತಾಳೆ. ಹೋದ ಯುಗಾದಿಗೆ ನಮ್ಮನೆಗೆ ಬರುವಾಗ ಬೇರೆಲ್ಲೋ ಬಸ್ಸಿಳಿದಿದ್ದಳು. ಕಿವಿಯೂ ಮಂದ. ಬಿಪಿ ಮಾತ್ರೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ಕಡೆ ತೋರಿಸಿದೆವು. ನೂರರಿಂದ ಏಳು ಕಳೆಯುತ್ತಾ ಹೋಗಿ, ಈ ಚಿತ್ರ ನೋಡಿ ಬರೆಯಿರಿ ಅಂದರು. ಅವ್ವ ಪೆನ್ಸಿಲ್ ಹಿಡಿಯೋಕೇ ನಾಚಿಕೊಂಡಳು. ಮಾರ್ಕ್ಸ್ ತುಂಬಾ ಕಮ್ಮಿ ಬಂತು. ಸ್ಕ್ಯಾನ್ ನೋಡಿ ‘ಮೆದುಳು ಕುಗ್ಗಿದೆ, ವಯಸ್ಸಾಯ್ತಲ್ಲ’ ಅಂದು ಕಳಿಸಿದರು. ನಮ್ಮಜ್ಜಿಗೂ ಎಂಬತ್ತರ ಹೊತ್ತಿಗೆ ಹೀಗೇ ಆಗಿತ್ತು. ಇದು ಓದದೇ ಇದ್ದಿದ್ದಕ್ಕೆ ಬಂತಾ? ನನಗೂ ಬರುತ್ತಾ? ಜೀನ್ ಟೆಸ್ಟ್ ಮಾಡಿಸಲಾ? ಅಕ್ಕ ಅಲ್ಯೂಮಿನಿಯಂ ಪಾತ್ರೆಯಿಂದ ಅಂತಾಳೆ, ದಿನಾ ಒಂದೆಲಗ ಕೊಡು ಅಂತಾಳೆ. ಮಗ ಅಮೆರಿಕದ ಸಂಶೋಧನೆ ಓದಿ ಹೇಳುತ್ತಾನೆ, ಅದೆಲ್ಲ ನಮ್ಮ ಹಳ್ಳಿಯವರಿಗೆ ಹೊಂದುತ್ತಾ? ಅಣ್ಣ ಹಸು ಮಾರಿ ಅವ್ವನನ್ನು ಪೇಟೆಗೆ ಕರೆತಂದುಬಿಡೋಣ, ತಿಂಗಳಿಗೊಬ್ಬರ ಮನೆ ಅಂತ ಹಂಚಿಕೊಳ್ಳೋಣ ಅಂತಿದ್ದಾನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅವ್ವನ ಮಾರ್ಕ್ಸ್‌ಗಿಂತ, ಸ್ಕ್ಯಾನಿಗಿಂತ, ನನ್ನ ಕಣ್ಣು ನಿಂತಿದ್ದು ಹಾಲಿನ ಲೆಕ್ಕದ ಮೇಲೆ. ಮೂವತ್ತು ವರ್ಷ ತಪ್ಪದೆ ಮಾಡಿದ ಕೆಲಸ ಈಗ ಕೈತಪ್ಪುತ್ತಿದೆ. ನನ್ನಂಥವರು ಹುಡುಕುವುದೇ ಇದನ್ನು. ಪರಿಚಯದವರ ಹೆಸರು ತಕ್ಷಣಕ್ಕೆ ಬಾರದೆ ಅರ್ಧ ಗಂಟೆ ಬಿಟ್ಟು ಹೊಳೆಯುವುದು, ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಇವು ವಯಸ್ಸಿನ ಮರೆವು. ಗೊತ್ತಿರುವ ದಾರಿ ತಪ್ಪುವುದು, ರೂಢಿಯಾದ ಲೆಕ್ಕ ತಪ್ಪುವುದು ಹಾಗಲ್ಲ. ಇದನ್ನು ‘ವಯಸ್ಸಾಯ್ತಲ್ಲ’ ಎಂದು ತಳ್ಳಿಹಾಕಬಾರದಿತ್ತು.

‘ಅರವತ್ತಕ್ಕೆ ಅರಳು ಮರಳು’ ಅನ್ನುವ ಗಾದೆ ನಮ್ಮ ಕಡೆ ಬಹಳ ಹಾನಿ ಮಾಡಿದೆ. ಭಾರತದಾದ್ಯಂತ ವಯಸ್ಸಾದವರನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದರ ಅಂದಾಜು 2023ರಲ್ಲಿ ಪ್ರಕಟವಾಯಿತು. ಅದರಂತೆ 60 ದಾಟಿದವರಲ್ಲಿ ಡಿಮೆನ್ಷಿಯಾ, ಅಂದರೆ ದಿನದ ಬದುಕಿಗೇ ಅಡ್ಡಬರುವ ಮರೆವಿನ ಕಾಯಿಲೆ, ಇರುವವರು ಶೇ. 7.4. ಹೆಂಗಸರಲ್ಲಿ ಗಂಡಸರಿಗಿಂತ ಜಾಸ್ತಿ, ಹಳ್ಳಿಗಳಲ್ಲಿ ಪೇಟೆಗಿಂತ ಜಾಸ್ತಿ. ಅಂದರೆ ನೂರರಲ್ಲಿ ತೊಂಬತ್ತೆರಡು ಮಂದಿಗೆ ಇಲ್ಲ. ಎಲ್ಲರಿಗೂ ಬರುವಂಥದ್ದಾಗಿದ್ದರೆ ಅದನ್ನು ಕಾಯಿಲೆ ಅಂತ ಕರೆಯುತ್ತಲೇ ಇರಲಿಲ್ಲ.

ಆದರೆ ಅವ್ವನಿಗೆ ಡಿಮೆನ್ಷಿಯಾ ಇದೆ ಅಂತಲೂ ನಾನು ಈಗಲೇ ಹೇಳಲಾರೆ. ಆ ಪರೀಕ್ಷೆಯನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಪೆನ್ಸಿಲ್ ಹಿಡಿಯದವರಿಗೆ ಚಿತ್ರ ಬರೆಯಲು ಕೊಟ್ಟರೆ ನಾವು ಅಳೆಯುವುದು ಅವರ ಶಾಲೆಯನ್ನೇ ಹೊರತು ಮೆದುಳನ್ನಲ್ಲ. ಓದು ಬರಹ ಬಾರದವರಿಗೆಂದೇ ಹೊಂದಿಸಿದ ಪರೀಕ್ಷೆಗಳು ನಮ್ಮ ದೇಶದಲ್ಲೇ ಇವೆ. 1990ರ ದಶಕದಲ್ಲಿ ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳಲ್ಲಿ ಅಂಥದ್ದೊಂದು ರೂಪುಗೊಂಡಿತು. ಜೊತೆಗೆ ಮನೆಯವರನ್ನು ಕೂರಿಸಿಕೊಂಡು ‘ಮೊದಲು ಏನು ಮಾಡ್ತಿದ್ದರು, ಈಗ ಏನು ಬಿಟ್ಟಿದ್ದಾರೆ’ ಎಂದು ಕೇಳುವ ಪದ್ಧತಿಯೂ ಇದೆ. ನಾನಾದರೆ ನಿಮ್ಮ ಅವ್ವನನ್ನು ಹಾಲಿನ ರೇಟು ಕೇಳುತ್ತೇನೆ. ವಾರದ ದಿನಗಳನ್ನು ಹಿಂದಿನಿಂದ ಹೇಳಿಸುತ್ತೇನೆ. ಯಾವ ಹಸು ಯಾವಾಗ ಕರು ಹಾಕಿತು ಎಂದು ಕೇಳಿ, ಸರಿಯೋ ತಪ್ಪೋ ನಿಮ್ಮ ಮುಖ ನೋಡಿ ತಿಳಿದುಕೊಳ್ಳುತ್ತೇನೆ.

ಅದಕ್ಕೂ ಮೊದಲು, ಸರಿಹೋಗುವ ಕಾರಣಗಳನ್ನು ಒಂದೊಂದಾಗಿ ನೋಡಿ ಬಿಡಬೇಕು. ಇದು ತುಂಬ ಮುಖ್ಯ. ಬಿ12 ವಿಟಮಿನ್ ಕಮ್ಮಿಯಾದರೆ ಮರೆವು ಬರುತ್ತದೆ. ಮಾಂಸ, ಮೊಟ್ಟೆ ತಿನ್ನದವರಲ್ಲಿ ಇದು ಸಾಮಾನ್ಯ. (ಶುಗರಿಗೆ ನೀವು ತಗೊಳ್ಳುತ್ತಿರುವುದು ಮೆಟ್‌ಫಾರ್ಮಿನ್ ಆಗಿದ್ದರೆ, ವರ್ಷಗಟ್ಟಲೆ ತಗೊಂಡವರಲ್ಲಿ ಅದೂ ಬಿ12 ಇಳಿಸುತ್ತದೆ. ನಿಮ್ಮದನ್ನೂ ಒಮ್ಮೆ ನೋಡಿಸಿಕೊಳ್ಳಿ.) ಥೈರಾಯ್ಡ್ ನೋಡಬೇಕು. ರಕ್ತದಲ್ಲಿ ಸೋಡಿಯಂ ಇಳಿದಿದೆಯಾ ನೋಡಬೇಕು. ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆ, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯಲು ಕೊಡುವ ಕೆಲವು ಮಾತ್ರೆಗಳು ವಯಸ್ಸಾದವರ ತಲೆಯನ್ನು ಮಂಕು ಮಾಡುತ್ತವೆ. ಶ್ರೀರಂಗಪಟ್ಟಣದ ಕಡೆಯ ಒಬ್ಬ ಹಿರಿಯರನ್ನು ‘ಅರಳು ಮರಳು’ ಎಂದೇ ನನ್ನ ಹತ್ತಿರ ಕರೆತಂದಿದ್ದರು. ವಿಚಾರಿಸಿದರೆ, ಎರಡು ತಿಂಗಳ ಹಿಂದೆ ಹಟ್ಟಿಯಲ್ಲಿ ಜಾರಿ ತಲೆ ಬಡಿಸಿಕೊಂಡಿದ್ದರು. ಗಾಯ ಕಾಣಲಿಲ್ಲ ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ತಲೆಬುರುಡೆಯ ಒಳಗೆ ರಕ್ತ ಕಟ್ಟಿಕೊಂಡಿತ್ತು. ತೆಗೆಸಿದ ಮೇಲೆ ಆಪರೇಷನ್ ಖರ್ಚಿನ ಲೆಕ್ಕವನ್ನು ಮಗನಿಂದ ಅವರೇ ಕೇಳಿ ತಗೊಂಡರು.

ಅಪ್ಪ ಹೋದ ಮೇಲೆ ಮಂಕಾದಳು ಎಂದು ಬರೆದಿದ್ದೀರಿ. ಖಿನ್ನತೆಯೂ ಮರೆವಿನ ವೇಷ ಹಾಕಿಕೊಂಡು ಬರುತ್ತದೆ, ಅಥವಾ ಡಿಮೆನ್ಷಿಯಾದ ಮೊದಲ ಗುರುತಾಗಿ ಬರುತ್ತದೆ. ಬೇರ್ಪಡಿಸುವುದು ಸುಲಭವಲ್ಲ. ಎಷ್ಟೋ ಸಲ ಮೊದಲು ಖಿನ್ನತೆಗೆ ಔಷಧಿ ಕೊಟ್ಟು ಎರಡು ಮೂರು ತಿಂಗಳು ನೋಡುತ್ತೇವೆ.

ಈಗ ಓದಿನ ವಿಷಯ. ಶಾಲೆಗೆ ಹೋಗದವರಲ್ಲಿ ಡಿಮೆನ್ಷಿಯಾ ಜಾಸ್ತಿ ಕಾಣುವುದು ನಿಜ. ಆದರೆ ಅದನ್ನು ಓದದಿದ್ದಕ್ಕೆ ಬಂದ ಶಿಕ್ಷೆ ಅಂದುಕೊಳ್ಳಬೇಡಿ. ಮೆದುಳಿಗೆ ಚಿಕ್ಕಂದಿನಿಂದ ಕೆಲಸ ಸಿಕ್ಕಷ್ಟೂ ಅದರಲ್ಲಿ ಒಂದು ದಾಸ್ತಾನು ಕೂಡುತ್ತದೆ. ಮುಂದೆ ಕಾಯಿಲೆ ಸ್ವಲ್ಪ ತಿಂದರೂ ಹೊರಗೆ ಕಾಣುವುದು ತಡವಾಗುತ್ತದೆ. ಶಾಲೆ ಆ ದಾಸ್ತಾನು ಕೂಡಿಸುವ ಒಂದು ದಾರಿ, ಒಂದೇ ದಾರಿಯಲ್ಲ. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಯವರು 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಬರೆದರು: ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದು ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ನಿಮ್ಮ ಅವ್ವನ ಬಾಯಿಲೆಕ್ಕವೂ ಮೆದುಳಿನ ದುಡಿಮೆಯೇ ಅಲ್ವಾ? ಇನ್ನೊಂದು ಮಾತು. ಅವರ ಕಾಲದಲ್ಲಿ ಶಾಲೆಗೆ ಹೋಗದ ಹೆಣ್ಣುಮಗು ಅಂದರೆ ಹೊಟ್ಟೆಗೂ ಕಮ್ಮಿ, ಮದುವೆಯೂ ಬೇಗ, ಒಲೆ ಹೊಗೆಯೂ ಜಾಸ್ತಿ, ಬಿಪಿ ನೋಡಿಸಿಕೊಳ್ಳುವುದೂ ತಡ. ಇವೆಲ್ಲ ಒಂದೇ ಗಂಟಿನಲ್ಲಿ ಬರುತ್ತವೆ. ಒಂದನ್ನೇ ಎಳೆದು ತೆಗೆದು ‘ಇದರಿಂದ’ ಅನ್ನುವುದು ಕಷ್ಟ.

ನಿಮ್ಮ ಮಗ ಓದಿರುವ ಅಮೆರಿಕದ ಕೆಲಸ ಇಲ್ಲಿಗೇ ಬರುತ್ತದೆ. 75ರ ವಯಸ್ಸಿನವರನ್ನು ‘ನಿಮಗೆ 40ರಲ್ಲಿ ಬಿಪಿ ಎಷ್ಟಿತ್ತು’ ಎಂದು ಕೇಳಿದರೆ ಯಾರು ಹೇಳುತ್ತಾರೆ? ಮರೆವಿನ ಕಾಯಿಲೆಯ ಬಗ್ಗೆ ನೆನಪನ್ನೇ ನಂಬಿ ಅಧ್ಯಯನ ಮಾಡುವಂತಿಲ್ಲ. ಅದಕ್ಕೇ ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ ಒಂದು ಉಪಾಯ ಮಾಡಿದರು. ಅಲ್ಲಿನ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆ 1964ರಿಂದ 1985ರವರೆಗೆ ತನ್ನ ಸದಸ್ಯರಿಗೆ ಮಾಡಿದ ತಪಾಸಣೆಯ ದಾಖಲೆ ಉಳಿದಿತ್ತು. ಅದೇ ಜನರಲ್ಲಿ 65 ದಾಟಿದವರನ್ನು, ಆಫ್ರಿಕನ್ ಮೂಲದವರು, ಏಷ್ಯಾ ಮೂಲದವರು, ಲ್ಯಾಟಿನೋಗಳು, ಬಿಳಿಯರು, ಎಲ್ಲರನ್ನೂ ಸೇರಿಸಿಕೊಂಡು ಈಗ ಅವರ ನೆನಪಿನ ಶಕ್ತಿ ನೋಡುತ್ತಿದ್ದಾರೆ. ಒಂದೇ ಸೀಮೆ, ಒಂದೇ ಆರೋಗ್ಯ ಸಂಸ್ಥೆ, ಆದರೆ ಬೇರೆ ಬೇರೆ ಬದುಕು.

ಇಂಥದ್ದು ನಮ್ಮಲ್ಲೂ ಇದೆ ಅಂದರೆ ಮೈಸೂರಿನವರೇ ನಂಬುವುದಿಲ್ಲ. ನಾವು ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1966ರವರೆಗೆ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಹೆರಿಗೆ ಮಾಡಿಸಿದ ದಾದಿಯರು ಬರೆದಿಟ್ಟಿದ್ದರು. ಆ ಕಡತಗಳಿಂದ ಹೊರಟು, ಬೆಳೆದು ದೊಡ್ಡವರಾದ ಅದೇ ಮಕ್ಕಳನ್ನು ಮೈಸೂರಿನ ಬೀದಿಗಳಲ್ಲಿ ಹುಡುಕಿದರು. 1996ರಲ್ಲಿ ಪ್ರಕಟವಾದ ವರದಿಯಲ್ಲಿ, ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಮ್ಮಿ ಇದ್ದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕೆಜಿ ಮೀರಿ ತುಂಬಿಕೊಂಡು ಹುಟ್ಟಿದವರಲ್ಲಿ ಶೇ. 3. ಆಮೇಲೆ ಅದೇ ಕಡತ ಹಿಡಿದು ವಯಸ್ಸಾದ ಕಾಲದ ನೆನಪು, ಬುದ್ಧಿಶಕ್ತಿಯ ಅಧ್ಯಯನವೂ ಶುರುವಾಯಿತು. ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದ ಹತ್ತು ಸಾವಿರ ಜನರನ್ನು ವರ್ಷ ವರ್ಷ ನೋಡುವ ಕೆಲಸಕ್ಕೆ ಇಳಿದಿದ್ದಾರೆ. ಅಲ್ಲಿಯೂ ರಾಗಿ ಮುದ್ದೆ, ಹಸು, ಹೊಲದ ಕೆಲಸ. ಕ್ಯಾಲಿಫೋರ್ನಿಯಾಕ್ಕಿಂತ ಅಲ್ಲಿಂದಲೇ ನಿಮ್ಮ ಅವ್ವನಿಗೆ ಹತ್ತಿರದ ಉತ್ತರ ಬರುತ್ತದೆ ಅಂತ ನನ್ನ ನಂಬಿಕೆ.

ಹಾಗಂತ ಹೊರಗಿನದೆಲ್ಲ ಬೇಡ ಅನ್ನುವುದಿಲ್ಲ. ಬಿಪಿ ಏರಿದರೆ ಮೆದುಳಿನ ಸಣ್ಣ ರಕ್ತನಾಳಗಳು ಕೆಡುವುದು ಮದ್ದೂರಿನಲ್ಲೂ ಒಂದೇ, ಅಮೆರಿಕದಲ್ಲೂ ಒಂದೇ. ಬದಲಾಗುವುದು ಯಾವುದು ಎಷ್ಟು ಪಾಲು ಅನ್ನುವುದು. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ತಂಡ 14 ಕಾರಣಗಳನ್ನು ಹೇಳಿತು: ಚಿಕ್ಕಂದಿನಲ್ಲಿ ಓದು ಕಮ್ಮಿ, ನಡುವಯಸ್ಸಿನಲ್ಲಿ ಕಿವಿ ಮಂದ, ಕೆಟ್ಟ ಕೊಲೆಸ್ಟ್ರಾಲ್, ಬಿಪಿ, ಶುಗರ್, ಬೊಜ್ಜು, ಬೀಡಿ ಸಿಗರೇಟು, ಅತಿ ಕುಡಿತ, ಖಿನ್ನತೆ, ತಲೆಗೆ ಪೆಟ್ಟು, ಮೈ ಬಳಸದಿರುವುದು, ಇಳಿವಯಸ್ಸಿನಲ್ಲಿ ಒಂಟಿತನ, ಹೊಗೆ ಗಾಳಿ, ಚಿಕಿತ್ಸೆ ಇಲ್ಲದ ದೃಷ್ಟಿದೋಷ. ಇವೆಲ್ಲ ಇಲ್ಲದಂತಾದರೆ ಡಿಮೆನ್ಷಿಯಾದಲ್ಲಿ ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದಕ್ಕೆ ತಳ್ಳಬಹುದು ಅಂತ ಅವರ ಅಂದಾಜು. ಈ 45 ಇಡೀ ಜನಸಮುದಾಯದ ಲೆಕ್ಕ. ‘ಎಲ್ಲ ಸರಿ ಮಾಡಿಕೊಂಡರೆ ನನಗೆ ಅರ್ಧ ಅಪಾಯ ಕಮ್ಮಿ’ ಎಂದು ಓದಿಕೊಳ್ಳುವ ಹಾಗಿಲ್ಲ. ನಮ್ಮ ಕಡೆ ಹಳ್ಳಿ ಹೆಂಗಸರು ಸಿಗರೇಟು ಸೇದುವುದು ಅಪರೂಪ, ಆದರೆ ಸೌದೆ ಒಲೆಯ ಮುಂದೆ, ಕಬ್ಬಿನ ರಚ್ಚು ಉರಿಯುವ ಆಲೆಮನೆಯ ಹತ್ತಿರ ಕಳೆದ ವರ್ಷಗಳು ಎಷ್ಟು! ಶುಗರ್ ಕೂಡ ನಮಗೆ ಬೇಗ ಬರುತ್ತದೆ, ತೆಳ್ಳಗಿದ್ದವರನ್ನೂ ಬಿಡುವುದಿಲ್ಲ.

ನಿಮಗೆ ಬರುತ್ತಾ? ತಾಯಿಗೆ ಇದ್ದರೆ ಮಕ್ಕಳಿಗೆ ಅಪಾಯ ಸ್ವಲ್ಪ ಜಾಸ್ತಿ, ಅಷ್ಟೇ. ನೇರವಾಗಿ ವಂಶದಲ್ಲಿ ಇಳಿದುಬರುವ ಆಲ್ಝೈಮರ್ಸ್ (ಡಿಮೆನ್ಷಿಯಾದ ಅತಿ ಸಾಮಾನ್ಯ ರೂಪ) ಇದೆ, ಆದರೆ ಅದು ಒಟ್ಟು ಆಲ್ಝೈಮರ್ಸ್‌ನಲ್ಲಿ ನೂರಕ್ಕೆ ಒಂದಕ್ಕಿಂತ ಕಮ್ಮಿ. ಅಂಥ ಮನೆಗಳಲ್ಲಿ ತಲೆಮಾರು ತಲೆಮಾರಿಗೆ ನಲವತ್ತು ಐವತ್ತರಲ್ಲೇ ಶುರುವಾಗುತ್ತದೆ. ಎಂಬತ್ತರಲ್ಲಿ ಅಜ್ಜಿಗೆ, ಎಪ್ಪತ್ತರ ಮೇಲೆ ಅವ್ವನಿಗೆ ಅನ್ನುವ ನಿಮ್ಮ ಮನೆ ಆ ಸಾಲಿನದ್ದಲ್ಲ. ಆಲ್ಝೈಮರ್ಸ್ ಅಪಾಯಕ್ಕೆ ನಂಟಿರುವ ಜೀನ್ ನೋಡುವ, ಖಾಸಗಿ ಲ್ಯಾಬಿನವರು ಮಾರುವ ಎಪಿಒಇ ಟೆಸ್ಟ್ ನಾನು ಬೇಡ ಅನ್ನುತ್ತೇನೆ. ಅಪಾಯದ ರೂಪ ಇದ್ದವರಲ್ಲಿ ಎಷ್ಟೋ ಜನಕ್ಕೆ ಕಾಯಿಲೆ ಬರುವುದಿಲ್ಲ, ಇಲ್ಲದವರಿಗೂ ಬರುತ್ತದೆ. ಫಲಿತಾಂಶ ಏನೇ ಬಂದರೂ ಮಾಡಬೇಕಾದದ್ದು ಅದೇ ಬಿಪಿ, ಅದೇ ಶುಗರ್. ಸುಮ್ನೆ ದುಡ್ಡು ಕೊಟ್ಟು ನಿದ್ದೆಗೆಡುವುದು.

ಅಲ್ಯೂಮಿನಿಯಂ ಭಯ ಹುಟ್ಟಿದ್ದು 1960ರ ದಶಕದಲ್ಲಿ ಮೊಲಗಳ ಮೇಲೆ ನಡೆದ ಪ್ರಯೋಗದಿಂದ. ಅಡುಗೆ ಪಾತ್ರೆಯಿಂದ ಮನುಷ್ಯರಿಗೆ ಡಿಮೆನ್ಷಿಯಾ ಬರುತ್ತದೆ ಎಂದು ಆಮೇಲೆ ಸಾಬೀತಾಗಲಿಲ್ಲ. ಒಂದೆಲಗದ ಚಟ್ನಿ ಮಾಡಿ ಕೊಡಿ, ನಾನೂ ತಿನ್ನುತ್ತೇನೆ. ಆದರೆ ಅದನ್ನು ನಂಬಿ ಬಿಪಿ ಮಾತ್ರೆ ನಿಲ್ಲಿಸಬೇಡಿ.

ಮಾಡಬೇಕಾದದ್ದಕ್ಕೆ ಬರೋಣ. ಅವ್ವನ ಬಿಪಿ ಮಾತ್ರೆ ಒಂದು ದಿನ ಉಂಟು ಒಂದು ದಿನ ಇಲ್ಲ ಅನ್ನುವುದು ಇಂದೇ ನಿಲ್ಲಬೇಕು. ಬೆಳಿಗ್ಗೆ ಹಾಲು ಕರೆದು ಬಂದ ಮೇಲೆ ಕಾಫಿ ಜೊತೆ ಯಾರಾದರೂ ಕೈಗೆ ಕೊಡಲಿ. ಆದರೆ ಅವರ ವಯಸ್ಸಿನಲ್ಲಿ ಬಿಪಿಯನ್ನು ತೀರಾ ಇಳಿಸಿದರೆ ಎದ್ದು ನಿಂತಾಗ ತಲೆ ಸುತ್ತಿ ಬೀಳುತ್ತಾರೆ. ಅದಕ್ಕೇ ಕೂತಾಗ ಒಮ್ಮೆ, ನಿಂತಾಗ ಒಮ್ಮೆ ನೋಡಿಸಿ. ನಿಮ್ಮ ವಯಸ್ಸಿನವರಿಗೆ ಮೇಲಿನ ಅಂಕೆ 130 ಅಥವಾ ಅದಕ್ಕಿಂತ ಕಮ್ಮಿ ಇರಲಿ ಅಂತ ಲ್ಯಾನ್ಸೆಟ್ ತಂಡದ ಸಲಹೆ. ಬಿಪಿಯನ್ನು ಇನ್ನೂ ಬಿಗಿಯಾಗಿ, 120ಕ್ಕಿಂತ ಕೆಳಗೆ ಇಡಲು ಹೊರಟ ಅಮೆರಿಕದ ಒಂದು ದೊಡ್ಡ ಪ್ರಯೋಗದಲ್ಲಿ ಆರಂಭದ ಮರೆವು ಶೇ. 19ರಷ್ಟು ಕಮ್ಮಿಯಾಯಿತು ಎಂದು 2019ರಲ್ಲಿ ಬಂತು. ಆದರೆ ಆ ಪ್ರಯೋಗಕ್ಕೆ ಶುಗರ್ ಇರುವವರನ್ನು ಸೇರಿಸಿಕೊಂಡಿರಲಿಲ್ಲ. ನಿಮಗೆ ಆ ಅಂಕಿಯನ್ನು ಹಾಗೇ ಅಂಟಿಸಲಾಗದು.

ಕಿವಿಯನ್ನು ಜನ ಲೆಕ್ಕಕ್ಕೇ ಇಡುವುದಿಲ್ಲ. ಆ 14ರಲ್ಲಿ ಅತಿ ದೊಡ್ಡ ಪಾಲು, ಶೇ. 7, ಕಿವಿಯದ್ದು. ಕೊಲೆಸ್ಟ್ರಾಲಿಗೂ ಅಷ್ಟೇ. ಕೇಳಿಸದವರು ಮೊದಲು ಮಾತು ಬಿಡುತ್ತಾರೆ, ಆಮೇಲೆ ಜಗಲಿ ಬಿಡುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದೆಲ್ಲೆಡೆಯಿಂದ ಜನ ಬರುತ್ತಾರೆ, ನಾವು ಪಕ್ಕದಲ್ಲಿದ್ದೂ ಹೋಗುವುದಿಲ್ಲ. ಮೊದಲು ಗುಗ್ಗೆ ತೆಗೆಸಿ, ಆಮೇಲೆ ಪರೀಕ್ಷೆ. ಶ್ರವಣ ಯಂತ್ರದಿಂದ ನೆನಪು ಉಳಿಯುತ್ತಾ ಎಂದು 70ರಿಂದ 84 ವಯಸ್ಸಿನವರಲ್ಲಿ ಮೂರು ವರ್ಷ ನೋಡಿದ ಪ್ರಯೋಗವೊಂದರ ಫಲ 2023ರಲ್ಲಿ ಬಂತು. ಎಲ್ಲರನ್ನೂ ಸೇರಿಸಿ ನೋಡಿದರೆ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಜಾಸ್ತಿ ಇದ್ದ ಗುಂಪಿನಲ್ಲಿ ಮಾತ್ರ ಇಳಿತ ಅರ್ಧಕ್ಕರ್ಧ ನಿಧಾನವಾಯಿತು. ತೊಂದರೆ ಏನಂದರೆ, ಮೊದಲ ವಾರ ಗದ್ದಲ ತಡೆಯಲಾರದೆ ಯಂತ್ರವನ್ನು ಡಬ್ಬಿಗೆ ಹಾಕಿ ಬೀರುವಿನಲ್ಲಿಡುತ್ತಾರೆ. ದಿನಕ್ಕೆ ಒಂದೊಂದು ಗಂಟೆ ಹಾಕಿಸಿ ರೂಢಿ ಮಾಡಿಸಬೇಕು. ಕಣ್ಣಿನ ಪೊರೆಯನ್ನೂ ಅದೇ ಓಡಾಟದಲ್ಲಿ ನೋಡಿಸಿಬಿಡಿ.

ಡಿಮೆನ್ಷಿಯಾ ಎಂದು ಖಾತ್ರಿಯಾದರೆ ಡೊನೆಪೆಜಿಲ್ ಥರದ ಮಾತ್ರೆ ಇದೆ. ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಕೆಲವರಲ್ಲಿ ಒಂದಷ್ಟು ಕಾಲ ದಿನದ ಕೆಲಸ ಹಿಡಿತದಲ್ಲಿ ಇರಿಸುತ್ತದೆ. ನಾಡಿ ನಿಧಾನ ಮಾಡುವುದರಿಂದ ಮೊದಲು ಇಸಿಜಿ ಬೇಕು. ವಾಕರಿಕೆ, ಭೇದಿ ಆಗಬಹುದು. ಮೂರ್ನಾಲ್ಕು ತಿಂಗಳಲ್ಲಿ ಮನೆಯವರಿಗೆ ಏನೂ ವ್ಯತ್ಯಾಸ ಕಾಣದಿದ್ದರೆ ನಾನು ನಿಲ್ಲಿಸುತ್ತೇನೆ. ವಿದೇಶದ ಹೊಸ ಇಂಜೆಕ್ಷನ್‌ಗಳ ಬಗ್ಗೆ ಮಗ ಕೇಳಬಹುದು. ಅವು ಆರಂಭದ ಆಲ್ಝೈಮರ್ಸ್‌ಗೆ ಮಾತ್ರ. ಮೆದುಳಿನಲ್ಲಿ ಬಾವು, ರಕ್ತಸ್ರಾವದ ಅಪಾಯ ಇರುವುದರಿಂದ ಪದೇ ಪದೇ ಎಂಆರ್‌ಐ ಮಾಡಿಸಬೇಕು. ಬಿಪಿ ಹಿಡಿತದಲ್ಲಿಲ್ಲದ ನಿಮ್ಮ ಅವ್ವನಿಗೆ ನಾನು ಅದರ ಸುದ್ದಿ ಎತ್ತುವುದಿಲ್ಲ. ರಾತ್ರಿ ಗಲಾಟೆ ಮಾಡುತ್ತಾರೆಂದು ಮಂಪರು ಬರಿಸುವ ಮಾತ್ರೆ ಬರೆದುಕೊಟ್ಟರೆ ‘ಎಷ್ಟು ದಿನಕ್ಕೆ’ ಎಂದು ಕೇಳಿಕೊಳ್ಳಿ. ಡಿಮೆನ್ಷಿಯಾ ಇರುವವರಲ್ಲಿ ಅಂಥ ಕೆಲವು ಮಾತ್ರೆಗಳಿಂದ ಲಕ್ವದ ಅಪಾಯ ಏರುತ್ತದೆ.

ಇನ್ನು ಹಸು. ನಿಮ್ಮ ಪತ್ರದಲ್ಲಿ ಇದು ಕೊನೆಗೆ ಬಂದಿದೆ. ನನಗೆ ಇದೇ ಕಷ್ಟದ ಪ್ರಶ್ನೆ.

ತಿಂಗಳಿಗೊಬ್ಬರ ಮನೆ ಅನ್ನುವುದು ಅಣ್ಣ ತಂಗಿಯರಿಗೆ ನ್ಯಾಯವಾಗಿ ಕಾಣುತ್ತದೆ. ಮರೆವು ಶುರುವಾದವರಿಗೆ ಅದಕ್ಕಿಂತ ಕೆಟ್ಟ ಏರ್ಪಾಡು ನಾನು ಕಂಡಿಲ್ಲ. ಬಚ್ಚಲು ಎಲ್ಲಿ ಅಂತ ತಿಳಿಯುವ ಹೊತ್ತಿಗೆ ಮನೆ ಬದಲಾಗಿರುತ್ತದೆ. ರಾತ್ರಿ ಎದ್ದು ಗೋಡೆ ತಡವುತ್ತಾರೆ, ಬೀಳುತ್ತಾರೆ, ಆಗ ಮನೆಯವರು ‘ಜಾಸ್ತಿಯಾಯ್ತು’ ಅನ್ನುತ್ತಾರೆ. ಊರಿನಲ್ಲೇ ಬಿಟ್ಟರೆ ಅಪಾಯ ಇಲ್ಲ ಅನ್ನಲಾರೆ. ಗ್ಯಾಸ್ ಒಲೆ, ಬಾವಿ, ನಾಲೆ ಏರಿ, ಎಲ್ಲ ಇವೆ. ಆದರೆ ಅಲ್ಲಿ ಅವರ ಕಾಲಿಗೆ ದಾರಿ ಗೊತ್ತು, ದಾರಿಯಲ್ಲಿ ಸಿಗುವವರಿಗೆ ಅವರು ಗೊತ್ತು. ಕಾಯಿಲೆ ಇನ್ನೂ ಮೊದಲ ಹಂತದಲ್ಲಿದ್ದರೆ ನನ್ನ ಒಲವು ಊರಿನ ಕಡೆಗೇ. ಎರಡು ಹಸುಗಳಿದ್ದರೆ ಒಂದನ್ನು ಮಾರಿ, ಒಂದನ್ನು ಇಟ್ಟುಕೊಳ್ಳಿ. ಡೇರಿಗೆ ಪಕ್ಕದ ಮನೆಯ ಹುಡುಗಿ ಜೊತೆಯಲ್ಲಿ ಹೋಗಲಿ, ಕ್ಯಾನು ಅವ್ವನ ಕೈಯಲ್ಲೇ ಇರಲಿ. ಲೆಕ್ಕವನ್ನು ಡೇರಿಯವರು ಚೀಟಿಯಲ್ಲಿ ಬರೆದುಕೊಡಲಿ, ಅವ್ವನ ಬಾಯಲ್ಲೂ ಹೇಳಿಸಿ, ತಪ್ಪಿದರೆ ತಿದ್ದಲು ಹೋಗಬೇಡಿ. ಒಲೆಯ ಕೆಲಸಕ್ಕೆ ಮಾತ್ರ ಒಬ್ಬರು ಜೊತೆಗಿರಬೇಕು. ಮುಂದೆ ರಾತ್ರಿ ಹೊರಗೆ ಹೋಗುವುದು ಶುರುವಾದರೆ ಪೇಟೆಗೆ ಕರೆತರಲೇಬೇಕಾಗುತ್ತದೆ. ಆಗ ಒಂದೇ ಮನೆ. ಹಂಚಿಕೊಳ್ಳುವುದಿದ್ದರೆ ನೀವು ಮಕ್ಕಳು ಆ ಮನೆಗೆ ಸರದಿಯ ಮೇಲೆ ಬನ್ನಿ, ಅಥವಾ ದುಡ್ಡನ್ನು ಹಂಚಿಕೊಳ್ಳಿ. ಜಮೀನು, ಬ್ಯಾಂಕಿನ ವಿಷಯವನ್ನೂ ಅವ್ವ ತಿಳಿದು ಹೇಳಬಲ್ಲ ಈಗಲೇ, ಎಲ್ಲರ ಎದುರಿಗೆ ಮಾತಾಡಿ ಮುಗಿಸಿ.

ಮಾತಾಡಿಕೊಳ್ಳಲು ಯಾರಾದರೂ ಬೇಕೆನಿಸಿದರೆ ಹಿರಿಯರ ಸಹಾಯವಾಣಿ 14567. ನಿಮ್ಮ ಮನಸ್ಸಿನ ಭಾರಕ್ಕೆ ಟೆಲಿ ಮಾನಸ್ 14416. ಎರಡರಲ್ಲೂ ಕನ್ನಡದಲ್ಲಿ ಮಾತಾಡಬಹುದು.

ಡಾಕ್ಟರ ಹತ್ತಿರ ಹೋಗುವಾಗ ಅವ್ವ ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಅವರ ಜೊತೆ ದಿನಾ ಇರುವವರು ಬರಬೇಕು, ಭಾನುವಾರ ಮಾತ್ರ ನೋಡುವವರು ಸಾಲದು. ಮತ್ತೆ, ಇಷ್ಟುದ್ದದ ಪತ್ರದಲ್ಲಿ ಅವ್ವನ ಬಿಪಿ ಬಗ್ಗೆ ಬರೆದಿದ್ದೀರಿ, ನಿಮ್ಮದು ಎಷ್ಟು ಅಂತ ಎಲ್ಲೂ ಬರೆದಿಲ್ಲ. ಅಂದೇ ನೀವೂ ತೋಳು ಚಾಚಿ.